ಹೊಸ ಫೋನು: ಕೊಳ್ಳುವ ಮುನ್ನ ಕೋಲಾರದ ಲೆಕ್ಕ

ಪ್ರತಿ ವರ್ಷ ಸೆಪ್ಟೆಂಬರ್ ಬಂತೆಂದರೆ ಆಪಲ್ ಕಂಪನಿಯ ಹೊಸ ಐಫೋನಿನ ಸುದ್ದಿ ಹಳ್ಳಿಯನ್ನೂ ತಲುಪುತ್ತದೆ. 2025ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಐಫೋನ್ 17ರ ಆರಂಭಿಕ ಬೆಲೆ ಭಾರತದಲ್ಲಿ 82,900 ರೂಪಾಯಿ. ಪ್ರೊ ಮಾದರಿಗೆ 1,34,900. ಕೊಳ್ಳಬೇಕೆ, ಬೇಡವೆ ಎಂಬ ಚರ್ಚೆ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಾಲೇಜು ವಿದ್ಯಾರ್ಥಿಗಳಲ್ಲೂ ಉಂಟು. ಆದರೆ ಅದು ಕ್ಯಾಮೆರಾ, ಪರದೆ, ವೇಗಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಈ ಬೆಲೆಯನ್ನು ಈ ಸೀಮೆಯ ಬೆಳೆಯಲ್ಲಿ ಅಳೆದು ನೋಡುವವರು ವಿರಳ.

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು 15 ಕಿಲೋ ಬಾಕ್ಸಿನ ಲೆಕ್ಕದಲ್ಲಿ. 2023ರ ಜುಲೈನಲ್ಲಿ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದ್ದು ನಿಜ. ಅಂಥ ಜುಲೈ ಪ್ರತಿ ವರ್ಷ ಬರುವುದಿಲ್ಲ. ಬಾಕ್ಸಿಗೆ 300 ರೂಪಾಯಿ ದೊರೆಯಿತೆಂದು ಇಟ್ಟುಕೊಂಡರೂ ಒಂದು ಫೋನಿಗೆ ಸುಮಾರು 276 ಬಾಕ್ಸು, ಅಂದರೆ ನಾಲ್ಕು ಟನ್ನಿಗೂ ಮೀರಿದ ಹಣ್ಣು ತೆರಬೇಕು. ಸಸಿ, ಗೊಬ್ಬರ, ಔಷಧಿ, ಕೂಲಿ, ಬಾಡಿಗೆಗಳನ್ನು ಇದರಲ್ಲಿ ಇನ್ನೂ ಕಳೆದಿಲ್ಲ. ಅಂಗಡಿಯವರು ಕಂತಿನ ಆಮಿಷ ತೋರುತ್ತಾರೆ. ‘ಶೂನ್ಯ ಬಡ್ಡಿ’ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲೇ ಹೇಳಿದೆ. ಬಡ್ಡಿ ಬೇರೊಂದು ಹೆಸರಿನಲ್ಲಿ ಬೆಲೆಯೊಳಗೆ ಅಡಗಿರುತ್ತದೆ.

‘ಇದು ನಮ್ಮ ಜಿಲ್ಲೆಯಲ್ಲೇ ತಯಾರಾಗುವ ವಸ್ತು, ಕೊಂಡರೆ ಇಲ್ಲಿಯವರಿಗೇ ಕೆಲಸ’ ಎಂಬ ವಾದವೂ ಕೇಳಿಬರುತ್ತದೆ. ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ 2020ರಿಂದ ಐಫೋನಿನ ಜೋಡಣೆ ನಡೆದಿದೆ. ಆದರೆ ಅದೇ ವರ್ಷದ ಡಿಸೆಂಬರ್ 12ರಂದು, ವೇತನ ಸರಿಯಾಗಿ ಕೈಸೇರಲಿಲ್ಲವೆಂದು ಸಿಟ್ಟಿಗೆದ್ದ ಕಾರ್ಮಿಕರಿಂದ ಆ ಕಾರ್ಖಾನೆಯಲ್ಲಿ ದಾಂಧಲೆ ನಡೆಯಿತು. ವೇತನ ಪಾವತಿಯಲ್ಲಿ ಲೋಪವಾದದ್ದನ್ನು ವಿಸ್ಟ್ರಾನ್ ಕಂಪನಿ ಒಪ್ಪಿ ಕ್ಷಮೆ ಕೋರಿತು. ಆಪಲ್ ಅದಕ್ಕೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. 2023ರಲ್ಲಿ ಕಾರ್ಖಾನೆ ಟಾಟಾ ಸಂಸ್ಥೆಯ ಕೈಸೇರಿತು. ಉದ್ಯೋಗ ದೊರೆತದ್ದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಲ್ಲಿ ಜೋಡಣೆಯಾಗುವ ಫೋನುಗಳು ವಿದೇಶಗಳಿಗೂ ರವಾನೆಯಾಗುತ್ತವೆ. ಮುಳಬಾಗಿಲಿನ ಒಬ್ಬ ರೈತ ಕೊಂಡರೂ ಬಿಟ್ಟರೂ ಅಲ್ಲಿನ ದಿನಗೂಲಿ ಹೆಚ್ಚದು, ತಗ್ಗದು.

ಇನ್ನು ಪರಿಸರದ ಲೆಕ್ಕ. ಆಪಲ್ ಕಂಪನಿಯ ವರದಿಗಳ ಪ್ರಕಾರವೇ, ಫೋನು ಹುಟ್ಟಿನಿಂದ ಕೊನೆಯವರೆಗೆ ಹೊರಸೂಸುವ ಇಂಗಾಲದ ಬಹುಪಾಲು ಅದರ ತಯಾರಿಕೆಯ ಹಂತದ್ದು. ಚಾರ್ಜು ಮಾಡುವ ವಿದ್ಯುತ್ತಿನ ಪಾಲು ಅಲ್ಪ. ಆದುದರಿಂದ ‘ಹೊಸದು ಕಡಿಮೆ ವಿದ್ಯುತ್ ಬಳಸುತ್ತದೆ’ ಎಂಬ ಸಮರ್ಥನೆ ನಿಲ್ಲುವುದಿಲ್ಲ. ಇರುವ ಫೋನನ್ನು ಎರಡು ವರ್ಷ ಹೆಚ್ಚು ಬಳಸುವುದೇ ನಿಜವಾದ ಉಳಿತಾಯ. ಫೋನಿನೊಳಗೆ ಚಿನ್ನವೂ ಇದೆ. ಚಿನ್ನದ ಗಣಿಯೆಂದರೇನೆಂದು ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ: 2001ರಲ್ಲಿ ಗಣಿ ಮುಚ್ಚಿದರೂ ಕೆಜಿಎಫ್‌ನ ಸೈನೈಡ್ ದಿಬ್ಬಗಳು ಇಂದಿಗೂ ಅಲ್ಲೇ ಇವೆ, ಗಾಳಿ ಬೀಸಿದಾಗ ಧೂಳೆಬ್ಬಿಸುತ್ತವೆ. ಒಂದು ಟನ್ ಹಳೆಯ ಫೋನುಗಳಲ್ಲಿರುವ ಚಿನ್ನ, ಒಂದು ಟನ್ ಅದಿರಿನಲ್ಲಿದ್ದುದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಆದರೂ ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯದಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ. 22.3 ಮಾತ್ರ.

ಹಾಗಾದರೆ ಯಾವಾಗ ಕೊಳ್ಳುವುದು ಯುಕ್ತ? ಸುರಕ್ಷತಾ ಅಪ್‌ಡೇಟ್ ನಿಂತ ಫೋನಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಅಪಾಯ, ಆಗ ಬದಲಾಯಿಸಲೇಬೇಕು. ಆದರೆ ಆ ದಿನ ಜನ ಭಾವಿಸಿರುವಷ್ಟು ಬೇಗ ಬರುವುದಿಲ್ಲ. 2019ರ ಐಫೋನ್ 11ಕ್ಕೂ 2025ರ ಹೊಸ ತಂತ್ರಾಂಶ ದೊರೆತಿದೆ. ಗೂಗಲ್ ತನ್ನ ಪಿಕ್ಸೆಲ್ 8ಕ್ಕೂ, ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24ಕ್ಕೂ ಏಳು ವರ್ಷಗಳ ಭರವಸೆ ಕೊಟ್ಟಿವೆ. ಮದುವೆ, ಜಾತ್ರೆಗಳ ಚಿತ್ರ ತೆಗೆದು ಜೀವನ ಸಾಗಿಸುವ ಯುವಕನಿಗೆ ದುಬಾರಿ ಕ್ಯಾಮೆರಾ ದುಡಿಮೆಯ ಸಾಧನವೇ ಆದೀತು. ಬೆಳೆ ಸಮೀಕ್ಷೆ, ಮಾರುಕಟ್ಟೆ ದರ, ಪಾಠದ ವಿಡಿಯೊ, ಮಾವಿನ ಎಲೆಗೆ ತಗುಲಿದ ರೋಗದ ಚಿತ್ರ ಇಷ್ಟಕ್ಕೇ ಬಳಸುವವರಿಗೆ ಹದಿನೈದು ಸಾವಿರದ ಫೋನು ಧಾರಾಳ.

ಫೋನು ಹಳತಾಯಿತೆಂಬ ದೂರುಗಳಲ್ಲಿ ಅನೇಕವು ವಾಸ್ತವವಾಗಿ ಬ್ಯಾಟರಿಯ ದೂರುಗಳು. ಲಿಥಿಯಂ ಬ್ಯಾಟರಿ ಮೂರು ನಾಲ್ಕು ವರ್ಷಗಳಲ್ಲಿ ಸೊರಗುವುದು ಸಹಜ. ಮೊದಲು ಅದನ್ನು ಬದಲಿಸಿ ಒಂದು ತಿಂಗಳು ಬಳಸಿ ನೋಡಬೇಕು. ತೆಗೆದ ಬ್ಯಾಟರಿಯನ್ನು, ಅದರಲ್ಲೂ ಉಬ್ಬಿದ್ದನ್ನು, ತಿಪ್ಪೆಗಾಗಲಿ ಗುಜರಿಗಾಗಲಿ ಹಾಕದೆ ದುರಸ್ತಿ ಮಾಡಿದ ಕೇಂದ್ರಕ್ಕೇ ಒಪ್ಪಿಸಬೇಕು.