ರೂಮು ಕೊಟ್ಟಿದ್ದೇ ಉಪಕಾರವಾ?



ಹೋದ ಮಳೆಗಾಲದಲ್ಲಿ ಮೈಸೂರಿನ ಒಂದು ಪೀಜಿಯಲ್ಲಿ ನನ್ನ ಜೊತೆಗಿದ್ದ ಹುಡುಗನಿಗೆ ಬಚ್ಚಲಲ್ಲಿ ಕರೆಂಟು ಹೊಡೆಯಿತು. ಗೀಸರಿಗೆ ಅರ್ತಿಂಗೇ ಇರಲಿಲ್ಲ. ಗೋಡೆ ನೆಂದು ನಲ್ಲಿ ಮುಟ್ಟಿದರೆ ಜುಂ ಅನ್ನುತ್ತಿತ್ತು. ಓನರಿಗೆ ಮೂರು ಸಲ ಹೇಳಿದ್ದೆವು. 'ಚಪ್ಲಿ ಹಾಕ್ಕೊಂಡು ಸ್ನಾನ ಮಾಡ್ರಪ್ಪಾ' ಅಂದಿದ್ದರು. ಹುಡುಗನ ಬಲಗೈಯ ಎರಡು ಬೆರಳು ಸುಟ್ಟವು. ಆ ಸೆಮಿಸ್ಟರಿನ ಪರೀಕ್ಷೆ ಹೋಯಿತು. ಆಸ್ಪತ್ರೆಗೆ ಹೋಗುವಾಗ ಆಟೋದಲ್ಲೇ ಓನರು ಪಾಠ ಹೇಳಿಕೊಟ್ಟರು: 'ಬಿಸಿನೀರು ಬಿತ್ತು ಅಂತ ಹೇಳು ಮಗಾ. ಬಿಲ್ಲು ನಾನು ಕಟ್ತೀನಿ.'

ಅವನು ಹಾಗೇ ಹೇಳಿದ. ಪಕ್ಕದಲ್ಲಿ ನಿಂತಿದ್ದ ನಾನೂ ಹೂಂ ಅಂದೆ.

ಯಾಕೆ ಅಂದೆ? ರೂಮು ಹುಡುಕಿ ಅಲೆದವರಿಗೆ ಗೊತ್ತು. ಫೋನಲ್ಲಿ 'ಖಾಲಿ ಇದೆ, ಬನ್ನಿ' ಅಂದವರು ಎದುರಿಗೆ ನಿಂತಾಗ ಮೊದಲು ಕೇಳೋದು ಬಾಡಿಗೆ ಮಾತಲ್ಲ. ಯಾವೂರು? ಯಾವ ಜನ? ಮಾಂಸ ತಿಂತೀರಾ? ಏಳು ಬಾಗಿಲು ತಟ್ಟಿ, ಎಂಟನೆಯವನು ಏನೂ ಕೇಳದೆ ಬೀಗದ ಕೈ ಕೊಟ್ಟರೆ ಅವನು ದೇವರ ಹಾಗೆ ಕಾಣ್ತಾನೆ. ಆಮೇಲೆ ಸೂರು ಸೋರಿದರೂ, ವೈರು ಜೋತಾಡಿದರೂ ನಮಗೆ ಬಾಯಿ ಏಳೋದಿಲ್ಲ. ಅಪ್ಪ ಧಣಿ ಮನೆ ಜಗಲಿ ಕೆಳಗೆ ನಿಂತು ಕೈ ಕಟ್ಟಿದ. ಮಗ ತಿಂಗಳಿಗೆ ಆರು ಸಾವಿರ ಫೋನ್‌ಪೇ ಮಾಡಿ ಕೈ ಕಟ್ತಾನೆ!

ಬಾಡಿಗೆ ಕೊಟ್ಟ ಮೇಲೆ ಅದು ಉಪಕಾರ ಅಲ್ಲ, ವ್ಯಾಪಾರ. ಓನರುಗಳೆಲ್ಲ ರಾಕ್ಷಸರು ಅಂತ ನಾನು ಹೇಳ್ತಿಲ್ಲ, ನಮ್ಮ ಓನರು ಹಬ್ಬಕ್ಕೆ ಹೋಳಿಗೆ ಕೊಟ್ಟವರೇ. ಆದರೆ ಹೋಳಿಗೆ ಕೊಟ್ಟರೆ ಅರ್ತಿಂಗ್ ಹಾಕಿಸಿದ ಹಾಗೆ ಆಗೋದಿಲ್ಲ. ಬಿಲ್ಲು ಕಟ್ಟಿದ್ದು ಪರಿಹಾರವೂ ಅಲ್ಲ. ಹೋದ ಪರೀಕ್ಷೆ, ತಪ್ಪಿದ ಕೂಲಿ, ಬೆರಳಿನ ನೋವು, ಊರಿಂದ ಓಡಿಬಂದ ಅವ್ವನ ಬಸ್ ಚಾರ್ಜು, ಇದನ್ನೆಲ್ಲ ಯಾರು ಕೊಡಬೇಕು?

ಕೇಳೋದಕ್ಕೆ ಕಾನೂನಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 'ಸೇವೆ' ಅಂದರೇನು ಅಂತ ಹೇಳುವಾಗ ಊಟ-ವಸತಿಯನ್ನು ಹೆಸರು ಹಿಡಿದೇ ಸೇರಿಸಿದೆ. ಪೀಜಿಯವನು ಮಾರೋದು ಅದನ್ನೇ ತಾನೆ? ಜಿಲ್ಲಾ ಗ್ರಾಹಕ ಆಯೋಗದಲ್ಲಿ ವಕೀಲರಿಲ್ಲದೆ ನಾವೇ ದೂರು ಕೊಡಬಹುದು. ನಾವು ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ. ನಮ್ಮಲ್ಲಿ ಯಾರು ಐದು ಲಕ್ಷ ಬಾಡಿಗೆ ಕಟ್ಟಿದ್ದೀರಿ, ಹೇಳಿ? ಇನ್ನೊಂದು ಮುಖ್ಯ ಸಂಗತಿ: ಪೀಜಿ ಇರೋ ಊರಲ್ಲೇ ದೂರು ಕೊಡಬೇಕು ಅಂತಿಲ್ಲ, ನಾವು ವಾಸವಿರೋ ಜಿಲ್ಲೆಯಲ್ಲೇ ಕೊಡಬಹುದು. ಓದು ಬಿಟ್ಟು ಊರು ಸೇರಿದವನಿಗೂ ದಾರಿ ಮುಚ್ಚಿಲ್ಲ. ಗಡುವು 2 ವರ್ಷ. ತೀರ್ಪು ಬೇಗ ಬರುತ್ತೆ ಅಂತ ಮಾತ್ರ ಯಾರಿಗೂ ಆಸೆ ಹುಟ್ಟಿಸೋದಿಲ್ಲ. ಕಾಯ್ದೆಯಲ್ಲಿ ಮೂರು ತಿಂಗಳು, ಐದು ತಿಂಗಳು ಅಂತ ಬರೆದಿದೆ. ಬರೆದಿದೆ, ಅಷ್ಟೆ.

ಬರೀ ರೂಮು ಬಾಡಿಗೆಗೆ ಹಿಡಿದವರ ದಾರಿ ಬೇರೆ, ಅಲ್ಲಿ ಕಲ್ಲುಮುಳ್ಳು ಜಾಸ್ತಿ. ಮಾಲೀಕ-ಬಾಡಿಗೆದಾರರ ತಕರಾರನ್ನು ಗ್ರಾಹಕ ಆಯೋಗಗಳು ಸಾಮಾನ್ಯವಾಗಿ ಮುಟ್ಟೋದಿಲ್ಲ, ಸಿವಿಲ್ ಕೋರ್ಟಿಗೇ ಹೋಗಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಮಾಲೀಕ ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸು ಕೊಟ್ಟ ಮೇಲೂ ಮಾಡಿಸದಿದ್ದರೆ ನಾವೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಕರಾರಿನಲ್ಲಿ ಬೇರೆ ಬರೆದಿದ್ದರೆ ಅದೂ ಇಲ್ಲ. ಆದ್ದರಿಂದ ಸಹಿ ಹಾಕೋ ಮುಂಚೆ ಓದಿ.

ವಕೀಲರು ಬೇಕಾದರೆ ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. 1987ರ ಕಾಯ್ದೆಯಂತೆ ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಣ್ಣುಮಕ್ಕಳಿಗೆ ವರಮಾನದ ಮಿತಿಯಿಲ್ಲದೆ ಪುಕ್ಕಟೆ ವಕೀಲರನ್ನು ಕೊಡಬೇಕು. ಫೋನ್ ನಂಬರು 15100. ಅಲ್ಲಿ ಜಾತಿ ಕೇಳ್ತಾರೆ. ಅಲ್ಲೊಂದು ಕಡೆ ಗಟ್ಟಿಯಾಗಿ ಹೇಳಿ.

ಇಷ್ಟೆಲ್ಲ ಇದ್ದರೂ ನಮ್ಮ ಹುಡುಗನ ಕೇಸಿಗೆ ಅರ್ಧ ಏಟು ಬಿದ್ದದ್ದು ಆ ಒಂದು ಸುಳ್ಳಿನಿಂದ. ಆಸ್ಪತ್ರೆ ಚೀಟಿಯಲ್ಲಿ 'ಬಿಸಿನೀರು' ಅಂತಿದೆ. ಕರೆಂಟು ಅಂದಿದ್ದರೆ ಪೊಲೀಸರಿಗೆ ಸುದ್ದಿ ಹೋಗುತ್ತಿತ್ತು. 2003ರ ವಿದ್ಯುತ್ ಕಾಯ್ದೆಯಂತೆ ವಿದ್ಯುತ್ ಪರಿವೀಕ್ಷಕರಿಂದ ತನಿಖೆ ಆಗಬಹುದಿತ್ತು. ಆ ಗೀಸರಿನ ಬಗ್ಗೆ ಸರ್ಕಾರಿ ವರದಿಯೇ ಕೈಗೆ ಸಿಗುತ್ತಿತ್ತು. ಮಾರನೆಯ ದಿನ ನಾವು ಬರುವ ಹೊತ್ತಿಗೆ ಬಚ್ಚಲಲ್ಲಿ ಹೊಸ ಗೀಸರು ನೇತಾಡ್ತಿತ್ತು! ಮೂರು ಸಲ ಹೇಳಿದ್ದೆವಲ್ಲ, ಅದೂ ಬರೀ ಬಾಯಿಮಾತು. ಒಂದು ವಾಟ್ಸಾಪ್ ಮೆಸೇಜು ಹಾಕಿದ್ದರೂ ಇವತ್ತು ಸಾಕ್ಷಿಯಾಗುತ್ತಿತ್ತು. ವೈರಿನ ಫೋಟೋ, ತಾರೀಕು ಹಾಕಿದ ಕಾಗದ, ಬಾಡಿಗೆ ಕಟ್ಟಿದ ಪುರಾವೆ: ಇವನ್ನು ಏಟು ಬೀಳೋ ಮುಂಚೆ ಎತ್ತಿಟ್ಟುಕೊಳ್ಳಿ.

'ಹೊರಗೆ ಹಾಕ್ತಾರಲ್ಲ ಅಣ್ಣಾ' ಅಂತ ಒಬ್ಬ ತಮ್ಮ ಕೇಳಿದ. ಹಾಕಬಹುದಪ್ಪ. ಅಡ್ವಾನ್ಸು ಅವರ ಕೈಲಿದೆ. ಒಬ್ಬನೇ ಹೋಗಿ ಕೇಳಿದರೆ ಹಾಕಿಯೇ ಹಾಕ್ತಾರೆ. ಹನ್ನೆರಡು ಜನ ಒಂದೇ ಕಾಗದಕ್ಕೆ ಸಹಿ ಹಾಕಿದರೆ ಮೊದಲು ಹನ್ನೆರಡು ಬಾಡಿಗೆಯ ಲೆಕ್ಕ ಹಾಕ್ತಾರೆ. ಆ ಹನ್ನೆರಡರಲ್ಲಿ ಬೇರೆ ಜಾತಿಯ ಹುಡುಗರೂ ಇರಲಿ, ಆ ನಲ್ಲಿಯನ್ನು ಅವರೂ ಮುಟ್ಟಬೇಕಲ್ಲ.

ಸುಮ್ಮನಿದ್ದರೆ ಏನಾಗುತ್ತೆ? 2020ರ ಫೆಬ್ರವರಿಯಲ್ಲಿ ಚಂಡೀಗಢದ ಸೆಕ್ಟರ್ 32ರ ಪೀಜಿಗೆ ಬೆಂಕಿ ಬಿದ್ದು ಮೂವರು ಹೆಣ್ಣುಮಕ್ಕಳು ಸತ್ತರು. ಆ ಪೀಜಿಗೆ ನೋಂದಣಿಯೇ ಇರಲಿಲ್ಲ. ಬೆಂಗಳೂರಲ್ಲಿ 2024ರ ಜುಲೈನಲ್ಲಿ ಕೋರಮಂಗಲದ ಪೀಜಿಯೊಳಗೆ ನುಗ್ಗಿ ಒಬ್ಬ ಯುವತಿಯನ್ನು ಕೊಂದ ಮೇಲೆ ಆಗಿನ ಬಿಬಿಎಂಪಿ ಪೀಜಿಗಳಿಗೆ ಹೊಸ ಮಾರ್ಗಸೂಚಿ ಹೊರಡಿಸಿತು. ತಲೆಗೆ 70 ಚದರ ಅಡಿ ಜಾಗ, ಕ್ಯಾಮೆರಾ, ಕಾವಲುಗಾರ. ಇಷ್ಟು ಬರೆಯೋದಕ್ಕೆ ಒಂದು ಹೆಣ ಬೀಳಬೇಕಾಯಿತು.

ನಮ್ಮ ಹುಡುಗ ಈಗ ಚಾಮರಾಜನಗರದ ಹತ್ತಿರ ತನ್ನ ಊರಲ್ಲಿದ್ದಾನೆ. ಗಡುವು ಇನ್ನೂ ಮುಗಿದಿಲ್ಲ. ದೂರು ಬರೆದಾಗಿದೆ, ಅವನ ಜಿಲ್ಲೆಯಲ್ಲೇ ಕೊಡ್ತೀವಿ. ಆಸ್ಪತ್ರೆಯಲ್ಲಿ ಹೂಂ ಅಂದವನು ನಾನು. ಆಯೋಗದ ಮುಂದೆ ಹೋಗಿ ಅದು ಬಿಸಿನೀರಲ್ಲ, ಕರೆಂಟು ಅಂತ ಹೇಳಬೇಕಾದವನೂ ನಾನೇ.