ಹೆಸರೂ ಹಾಜರಿಯೂ

2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹಿಂದುಳಿದ ಜಿಲ್ಲೆಗಳಿಗಾಗಿ ಒಂದು ಯೋಜನೆಯನ್ನು ಆರಂಭಿಸಿ, ಅವನ್ನು ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳೆಂದು ಕರೆಯಿತು. ನಮ್ಮ ರಾಯಚೂರು, ಯಾದಗಿರಿಗಳು ಆ 112ರ ಪಟ್ಟಿಯಲ್ಲಿ ಸೇರಿದವು. ಕನ್ನಡದ ಅಧ್ಯಾಪಕನಾದ ನನ್ನ ಕಣ್ಣು ಮೊದಲು ಹೋದದ್ದು ಈ ನಾಮಕರಣದ ಕಡೆಗೆ. ‘ಹಿಂದುಳಿದ’ ಎಂಬ ಮಾತು ಬಿಟ್ಟು ಮುಂದೆ ಹೋದವರತ್ತಲೂ ಬೆರಳು ತೋರುತ್ತಿತ್ತು; ಹೊಸ ಹೆಸರಿಗೆ ಆ ಬೆರಳಿಲ್ಲ.

ಯೋಜನೆಯ ಗುಣವನ್ನು ಅಲ್ಲಗಳೆಯಲಾರೆ. ಆರೋಗ್ಯ, ಶಿಕ್ಷಣ, ಕೃಷಿ ಮೊದಲಾದವುಗಳಲ್ಲಿ 49 ಸೂಚಕಗಳನ್ನಿಟ್ಟು, ಪ್ರಗತಿಯನ್ನಳೆದು ಶ್ರೇಣಿ ಕೊಡುವ ಪದ್ಧತಿಯಿಂದ, ಯಾರೂ ವಿಚಾರಿಸದಿದ್ದ ಜಿಲ್ಲೆಗಳನ್ನು ವಿಚಾರಿಸುವಂತಾಯಿತು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75, ಯಾದಗಿರಿಯದು 52ರ ಆಸುಪಾಸು. ಇಂಥಲ್ಲಿ ಅಳತೆಯೇ ಬೇಡವೆನ್ನುವುದು ಅವಿವೇಕ.

ಆದರೆ ಆ 49ರಲ್ಲಿ ಗುಳೆಗೆ ಸ್ಥಳವಿಲ್ಲ. ಕೃಷ್ಣೆ, ಭೀಮೆಯರು ಹರಿಯುವ ನಾಡಿನಿಂದ, ಮುಂಗಾರಿನ ಫಸಲು ಕೈಸೇರಿದ ಮೇಲೆ, ಸಂಸಾರ ಸಂಸಾರಗಳೇ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಶಾಲೆಗೆ ವಿದ್ಯುತ್ತು ಬಂದುದು, ಶೌಚಾಲಯವಾದುದು, ಪಠ್ಯಪುಸ್ತಕ ಸಕಾಲಕ್ಕೆ ತಲುಪಿದುದು ಲೆಕ್ಕಕ್ಕೆ ಸಿಕ್ಕುತ್ತವೆ; ಸಿಕ್ಕಲೂಬೇಕು. ಪುಸ್ತಕ ಪಡೆದ ಹುಡುಗಿ ಜನವರಿಯಲ್ಲಿ ಎಲ್ಲಿದ್ದಾಳೆಂಬುದು ಸಿಕ್ಕುವುದಿಲ್ಲ. ಊರಿನ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿರುತ್ತದೆ. ಅವಳು ನಗರದಂಚಿನ ತಗಡಿನ ಶೆಡ್ಡಿನಲ್ಲಿ ತಮ್ಮನನ್ನು ಎತ್ತಿಕೊಂಡಿರುತ್ತಾಳೆ.

ಶ್ರೇಣಿ ಏರಿತೆಂದು ಹಿಗ್ಗುವ ಮೊದಲು, ಗುಳೆ ಹೋದ ಮಕ್ಕಳ ಎಣಿಕೆಯನ್ನು ಐವತ್ತನೆಯ ಸೂಚಕವಾಗಿ ಸೇರಿಸಬೇಕೆಂಬುದು ನನ್ನ ಒತ್ತಾಯ. ಅದಕ್ಕೆ ಹೊಸ ಇಲಾಖೆಯೇನೂ ಬೇಡ. ದೀಪಾವಳಿ ಕಳೆದ ಮೇಲೆ ತರಗತಿಯಲ್ಲಿ ಹೆಸರು ಕೂಗುವ ಮೇಷ್ಟರನ್ನು ಕೇಳಿದರೆ ಸಾಕು.