ಮೊದಲು ತಾಳೆ ನೋಡಿ, ಆಮೇಲೆ ಬಟನ್ ಒತ್ತಿ



ರಾತ್ರಿ ಗಲ್ಲಾ ಮುಚ್ಚುವ ಮೊದಲು ನಾವೆಲ್ಲರೂ ಮಾಡುವ ಕೆಲಸವೊಂದಿದೆ. ಉಗ್ರಾಣದ ಪುಸ್ತಕ ಒಂದು ಕಡೆ, ಅಡುಗೆ ಮನೆಗೆ ಕೊಟ್ಟ ಸಾಮಾನಿನ ಚೀಟಿ ಇನ್ನೊಂದು ಕಡೆ ಇಟ್ಟು ತಾಳೆ ನೋಡುತ್ತೇವೆ. ವ್ಯತ್ಯಾಸ ಕಂಡರೆ ಯಾವುದು ಸರಿ ಎಂದು ಭಟ್ಟರನ್ನು ಕೇಳಿಯೇ ತಿದ್ದುತ್ತೇವೆ. ಒಂದನ್ನು ಹರಿದೆಸೆದು ಇನ್ನೊಂದರಂತೆ ಬರೆದಿಡುವುದಿಲ್ಲ. ಆದರೆ ಕಂಪ್ಯೂಟರಿನಲ್ಲಿ ಮಾತ್ರ ನಮ್ಮಲ್ಲಿ ಹೆಚ್ಚಿನವರು ಹೀಗೆ ಹರಿದೆಸೆಯುವ ಕೆಲಸವನ್ನೇ ಮಾಡುತ್ತಿದ್ದೇವೆ.

ಇಂದು ಕೆಟರಿಂಗ್ ಮಾಡುವ ಮಾಲಕರ ಬಳಿ ಕನಿಷ್ಠ ಎರಡು ಕಂಪ್ಯೂಟರ್ ಇರುತ್ತದೆ. ಒಂದು ಹೊಟೇಲಿನ ಗಲ್ಲಾದಲ್ಲಿ, ಇನ್ನೊಂದು ದೂರದ ಅಡುಗೆ ಮನೆಯಲ್ಲಿ. ಪಾರ್ಟಿ ಆರ್ಡರು, ಮೆನು, ರೇಟು, ಖರೀದಿ ಬಿಲ್ಲು, ಭಟ್ಟರ ಅಳತೆ ಎಲ್ಲವೂ ಎರಡೂ ಕಡೆಯ ಫೋಲ್ಡರಿನಲ್ಲಿ ಇರಬೇಕು. ಅದಕ್ಕಾಗಿ ಪೆನ್ ಡ್ರೈವ್ ಓಡಾಡುತ್ತದೆ. ಎರಡನ್ನೂ ಸಮ ಮಾಡುವ ಈ ಕೆಲಸಕ್ಕೆ ಸಿಂಕ್ ಎನ್ನುತ್ತಾರೆ. ಬಟನ್ ಒತ್ತುವ ಕೆಲಸ ತಾನೇ ಎಂದು ಹುಡುಗರಿಗೆ ಬಿಟ್ಟಿರುತ್ತೇವೆ. ನಾನೂ ಬಿಟ್ಟಿದ್ದೆ.

2018ರ ಮೇ ತಿಂಗಳು. ಮಾಟುಂಗದಲ್ಲಿ ಒಂದು ಮದುವೆ ಊಟ ಒಪ್ಪಿಕೊಂಡಿದ್ದೆ, 500 ಎಲೆ. ಹುಡುಗಿಯ ತಂದೆ ಮೂರು ದಿನ ಮೊದಲು ಥಾಣೆಯ ನಮ್ಮ ಅಡುಗೆ ಮನೆಗೆ ಫೋನ್ ಮಾಡಿ 650 ಎಂದರು. ಅಲ್ಲಿಯ ಮ್ಯಾನೇಜರ್ ಫೈಲಿನಲ್ಲಿ ತಿದ್ದಿ, ಮಾರನೆಯ ದಿನ ರಜೆಯ ಮೇಲೆ ಊರಿಗೆ ಹೋದ. ಪೆನ್ ಡ್ರೈವ್ ಹೊಟೇಲಿಗೆ ಬಂತು. ಹುಡುಗ ಸಿಂಕ್ ಒತ್ತಿದ. ಹೊಸ ತಾರೀಕಿನ ಫೈಲು ಉಳಿಯಲಿ, ಹಳೆಯದರ ಮೇಲೆ ಅದನ್ನೇ ಬರೆಯಲಿ ಎಂದು ನಾವು ಮೊದಲೇ ಸೆಟ್ ಮಾಡಿದ್ದೆವು. ಅಡುಗೆ ಮನೆಯ ಹಳೆಯ ಕಂಪ್ಯೂಟರಿನ ಒಳಗಿನ ಚಿಕ್ಕ ಬ್ಯಾಟರಿ ಸತ್ತಿತ್ತು. ಅದು ಸತ್ತರೆ ಕರೆಂಟು ಹೋದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತದೆ. ಇಂಟರ್‌ನೆಟ್ ಇದ್ದರೆ ತಾನೇ ಸರಿಹೋಗಬಹುದಿತ್ತು, ಅಲ್ಲಿ ಇರಲಿಲ್ಲ. ಆ ಮೆಷಿನ್ನಿನ ಪ್ರಕಾರ ಅಂದು 2010ನೇ ಇಸವಿ. ಹಾಗಾಗಿ 650ರ ಫೈಲು ಹಳೆಯದೆಂದೂ 500ರ ಫೈಲು ಹೊಸದೆಂದೂ ತೀರ್ಮಾನವಾಯಿತು. ಅದೇ ಪೆನ್ ಡ್ರೈವ್ ಥಾಣೆಗೆ ಹಿಂದಿರುಗಿ ಅಲ್ಲಿಯ ಫೈಲನ್ನೂ 500 ಮಾಡಿತು. ಎರಡೂ ಕಡೆ ಲೆಕ್ಕ ತಾಳೆಯಾಯಿತು, ಎರಡೂ ಕಡೆ ತಪ್ಪಾಯಿತು.

ಮೂರನೇ ಪಂಕ್ತಿಯಲ್ಲಿ ಹೋಳಿಗೆ ಮುಗಿಯಿತು. ಅನ್ನ, ಸಾಂಬಾರು ಅಕ್ಕಪಕ್ಕದ ಹೊಟೇಲಿನ ಬಾಂಧವರು ಕೊಟ್ಟು ಮಾನ ಉಳಿಸಿದರು, ಅವರ ಋಣ ದೊಡ್ಡದು. ಆದರೆ ಹುಡುಗಿಯ ತಂದೆ ಎಲೆಯ ಮುಂದೆ ಕೈಮುಗಿದು ನಿಂತು ನೆಂಟರಲ್ಲಿ ಕ್ಷಮೆ ಕೇಳುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದೆ. ಹಣ ಹಿಂದಿರುಗಿಸಬಹುದು, ಅದನ್ನು ಹಿಂದಿರುಗಿಸಲು ಆಗುವುದಿಲ್ಲ. ತಪ್ಪು ಹುಡುಗನದಲ್ಲ, ಮೆಷಿನ್ನಿನದೂ ಅಲ್ಲ. ತಾಳೆ ನೋಡದ ನನ್ನದು.

ಆಮೇಲೆ ಕುಳಿತು ಕಲಿತೆ. ಹತ್ತನೇ ಕ್ಲಾಸು ಓದಿದ ನನಗೆ ಬಂದದ್ದು ಯಾರಿಗಾದರೂ ಬಂದೀತು. ಫ್ರೀಫೈಲ್‌ಸಿಂಕ್ ಎಂಬ ಪ್ರೋಗ್ರಾಂ ಇದೆ. ಅದರಲ್ಲಿ ಹೋಲಿಸುವ ಬಟನ್ ಬೇರೆ, ಸಿಂಕ್ ಬಟನ್ ಬೇರೆ. ಹೋಲಿಸಿದಾಗ ಎಡಗಡೆ ಒಂದು ಫೋಲ್ಡರು, ಬಲಗಡೆ ಇನ್ನೊಂದು, ನಡುವೆ ಬಾಣದ ಗುರುತು. ಯಾವ ಫೈಲು ಯಾವ ಕಡೆಗೆ ಹೋಗುತ್ತದೆ, ಯಾವುದು ಅಳಿಯುತ್ತದೆ ಎಂದು ಕಾಣುತ್ತದೆ. ಬಾಣ ತಪ್ಪಿದ್ದರೆ ನಾವೇ ತಿರುಗಿಸಬಹುದು. ವಿಂಡೋಸ್ ವಿಸ್ಟಾ ಬಂದಾಗಿನಿಂದ ವಿಂಡೋಸಿನಲ್ಲೇ ಇರುವ ರೋಬೋಕಾಪಿಗೂ ಏನನ್ನೂ ನಕಲು ಮಾಡದೆ ಪಟ್ಟಿ ಮಾತ್ರ ತೋರಿಸು ಎಂದು ಹೇಳಬಹುದು.

ಇಲ್ಲಿ ಮೂರು ಬಗೆ ತಿಳಿದಿರಬೇಕು. ಟೂ ವೇ ಎಂದರೆ ಎರಡೂ ಕಡೆಯ ಬದಲಾವಣೆ ಎರಡೂ ಕಡೆಗೆ ಹೋಗುತ್ತದೆ. ಮಿರರ್ ಎಂದರೆ ಕನ್ನಡಿ, ಎಡಗಡೆ ಇದ್ದಂತೆ ಬಲಗಡೆ ಆಗುತ್ತದೆ. ಎಡಗಡೆ ಇಲ್ಲದ ಫೈಲು ಬಲಗಡೆ ಇದ್ದರೆ ಅಳಿಸಿಹೋಗುತ್ತದೆ. ಎಡ ಬಲ ಅದಲುಬದಲಾದರೆ ದೇವರೇ ಗತಿ. ಅಪ್‌ಡೇಟ್ ಎಂದರೆ ಹೊಸದನ್ನು ಸೇರಿಸುತ್ತದೆ, ಅಳಿಸುವುದಿಲ್ಲ. ಹೊಸಬರಿಗೆ ಇದೇ ಕ್ಷೇಮ.

ಯಾವ ಪ್ರೋಗ್ರಾಂ ತಂದರೂ ಒಂದು ವಿಷಯ ಮಾತ್ರ ಮಾಲಕನೇ ತೀರ್ಮಾನಿಸಬೇಕು ಎಂಬುದು ನನ್ನ ಅಭಿಪ್ರಾಯ. ಪ್ರತಿ ಫೈಲಿಗೂ ಒಬ್ಬನೇ ಯಜಮಾನನಿರಬೇಕು. ರೇಟು ತಿದ್ದುವುದು ಹೊಟೇಲಿನಲ್ಲಿ ಮಾತ್ರ, ಎಲೆಯ ಸಂಖ್ಯೆ ತಿದ್ದುವುದು ಅಡುಗೆ ಮನೆಯಲ್ಲಿ ಮಾತ್ರ. ಒಂದೇ ಫೈಲನ್ನು ಇಬ್ಬರು ಎರಡು ಕಡೆ ತಿದ್ದಿದರೆ ಯಾರದು ಸರಿ ಎಂದು ಯಾವ ಮೆಷಿನ್ನೂ ಹೇಳಲಾರದು. ಒಂದೇ ಪಾತ್ರೆಗೆ ಇಬ್ಬರು ಉಪ್ಪು ಹಾಕಿದಂತೆ.

ಸಿಂಕ್ ಮಾಡುತ್ತೇವೆ, ಬ್ಯಾಕಪ್ ಏಕೆ ಎಂದು ಕೇಳುವವರಿದ್ದಾರೆ. ಎರಡೂ ಒಂದೇ ಅಲ್ಲ. ಸಿಂಕ್ ತಪ್ಪನ್ನೂ ನಿಷ್ಠೆಯಿಂದ ನಕಲು ಮಾಡುತ್ತದೆ. ಇಂಟರ್‌ನೆಟ್ಟಿನ ಗೂಗಲ್ ಡ್ರೈವಿನಲ್ಲೂ ಹಾಗೆಯೇ, ಒಂದು ಕಡೆ ಅಳಿಸಿದ ಫೈಲು ಎಲ್ಲ ಕಡೆ ಹೋಗುತ್ತದೆ. ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಅಷ್ಟೇ. ಆದರೆ ಜಿಎಸ್‌ಟಿ ಕಾಯಿದೆಯ ಪ್ರಕಾರ ನಾವು ಲೆಕ್ಕಪತ್ರವನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಆದುದರಿಂದ ವಾರಕ್ಕೊಮ್ಮೆ ಬೇರೆ ಹಾರ್ಡ್ ಡಿಸ್ಕಿಗೆ ತಾರೀಕು ಹಾಕಿ ನಕಲು ತೆಗೆದು, ಬಿಚ್ಚಿ, ಮನೆಯಲ್ಲಿಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ ದಿನವನ್ನು ಮುಂಬಯಿಯ ನಾವು ಮರೆಯಬಾರದು. ಒಂದೇ ಕೋಣೆಯಲ್ಲಿಟ್ಟ ಎರಡು ನಕಲು ನೀರು ಬಂದಾಗ ಒಟ್ಟಿಗೇ ಮುಳುಗುತ್ತವೆ.

ಇಂದು ರಾತ್ರಿ ಗಲ್ಲಾ ಮುಚ್ಚುವಾಗ ಎರಡು ಕೆಲಸ ಮಾಡಿ. ನಿಮ್ಮ ಪ್ರತಿ ಕಂಪ್ಯೂಟರಿನ ಮೂಲೆಯ ತಾರೀಕನ್ನು ಗೋಡೆಯ ಕ್ಯಾಲೆಂಡರಿನೊಡನೆ ಹೋಲಿಸಿ. ತಪ್ಪಿದ್ದರೆ ಬ್ಯಾಟರಿ ಬದಲಿಸಿ, ಒಂದು ಪ್ಲೇಟ್ ಇಡ್ಲಿಗಿಂತ ಹೆಚ್ಚೇನೂ ಖರ್ಚಿಲ್ಲ. ಮತ್ತೆ, ಸಿಂಕ್ ಒತ್ತುವ ಮೊದಲು ಹುಡುಗನ ಪಕ್ಕದಲ್ಲಿ ಐದು ನಿಮಿಷ ನಿಂತು ಆ ಪಟ್ಟಿ ಓದಿ. ಉಗ್ರಾಣದ ಪುಸ್ತಕಕ್ಕೆ ಕೊಡುವ ಐದು ನಿಮಿಷವನ್ನು ಇದಕ್ಕೂ ಕೊಡಿ. ನನಗಾದದ್ದು ನಿಮ್ಮ ಯಾವ ಪಂಕ್ತಿಯಲ್ಲೂ ಆಗದಿರಲಿ.